ಬೆಂಚಪ್ಪ ಹೇಳಿದ ನಿಜ

ಜನ ಬೆಂಚಪ್ಪನಿಗೆ ಕೊಡುವ ಮರ್ಯಾದೆ ಕಂಡರೆ ಬೆಂಚಪ್ಪನಿಗೇ ಆಗುವುದಿಲ್ಲ. ಅವನು ಮಾಡಿದ್ದು ಇಷ್ಟೇ. ಒಂದು ತಪ್ಪು ಮಾಡಿದ, ಆಮೇಲೆ ಅದನ್ನು ಒಪ್ಪಿಕೊಂಡ. ಒಂದು ಸಲವಲ್ಲ, ಮೂರು ಸಲ, ಮೈಕಿನ ಮುಂದೆ ನಿಂತು, ಬಾಯಿ ಬಿಟ್ಟು ಒಪ್ಪಿಕೊಂಡ. ಮೂರು ಸಲವೂ ಜನ ಚಪ್ಪಾಳೆ ತಟ್ಟಿ, ಬೇರೆಯವನ ತಪ್ಪನ್ನು ಮೈಮೇಲೆ ಎಳೆದುಕೊಂಡ ದೊಡ್ಡ ಮನುಷ್ಯ ಎಂದರು. ಆ ಬೇರೆಯವನು ಮಾತ್ರ ಮನೆಯಿಂದ ಹೊರಗೆ ತಲೆ ಹಾಕದ ಹಾಗಾಯಿತು. ಅವನ ಹೆಸರಿಗೆ ಅಂಟಿದ ಮಸಿಯನ್ನು ಒರೆಸಬೇಕು ಎನ್ನುವುದೊಂದೇ ಈಗ ಬೆಂಚಪ್ಪನ ಆಸೆ. ಒರೆಸಲು ಹೋದಷ್ಟೂ ಅದು ಹರಡುತ್ತಿದೆ.

ಬೆಂಚಪ್ಪ ಎನ್ನುವುದು ಅವನ ಹೆಸರಲ್ಲ. ಹೆತ್ತವರು ಇಟ್ಟ ಒಳ್ಳೆಯ ಹೆಸರೊಂದಿದೆ, ಪತ್ರಿಕೆಯವರು ಅದನ್ನೇ ಬರೆಯುತ್ತಾರೆ. ಆದರೆ ಅವನು ಎರಡನೇ ದರ್ಜೆಯ ಕ್ಲಬ್ಬೊಂದರಲ್ಲಿ ಹನ್ನೊಂದು ವರ್ಷ ಫುಟ್‌ಬಾಲ್ ಆಡಿದ, ಆಡಿದ ಎನ್ನುವುದಕ್ಕಿಂತ ಕೂತ ಎನ್ನುವುದೇ ಸರಿ. ತಂಡ ಮೂರು ಗೋಲಿನಿಂದ ಗೆಲ್ಲುತ್ತಿದ್ದರೆ, ಇಲ್ಲವೇ ಮೂರು ಗೋಲಿನಿಂದ ಸೋಲುತ್ತಿದ್ದರೆ, ಅಂದರೆ ಇನ್ನು ಯಾರು ಬಂದರೂ ಏನೂ ಕಿತ್ತುಕೊಂಡು ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಕೋಚು ಬೆಂಚಿನ ಕಡೆ ತಿರುಗಿ ‘ಏ, ನೀನು’ ಎನ್ನುತ್ತಿದ್ದ. ಕೊನೆಯ ಹತ್ತು ನಿಮಿಷ ಬೆಂಚಪ್ಪ ಓಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವನ ಹೆಸರಿಗೆ ಬಂದದ್ದು ಒಂದೇ ಗೋಲು, ಅದೂ ಯಾರೋ ಒದ್ದ ಚೆಂಡು ಅವನ ಬೆನ್ನಿಗೆ ಬಡಿದು ಒಳಗೆ ಹೋದದ್ದು. ‘ನಮ್ಮ ಮನೆಯವರು ಗೋಲ್‌ಪೋಸ್ಟ್‌ ಕಡೆ ತಿರುಗಿ ಕೂಡ ನೋಡಲ್ಲ, ಹಾಗೇ ಗೋಲ್ ಹೊಡೀತಾರೆ’ ಎಂದು ಹೆಂಡತಿ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು, ತಪ್ಪು ಲೆಕ್ಕವನ್ನು ಕಂಡರೆ ಸುಮ್ಮನಿರುವವಳಲ್ಲ, ಗಂಡನದ್ದಾದರೂ ಸರಿ.

ಆದರೆ ಹನ್ನೊಂದು ವರ್ಷ ಬೆಂಚಿನ ಮೇಲೆ ಕೂತವನಿಗೆ ಮೈದಾನದೊಳಗೆ ಓಡುವವರಿಗೆ ಕಾಣದ್ದೊಂದು ಕಂಡಿತ್ತು. ಚೆಂಡು ಸಿಕ್ಕಿದ ಕೂಡಲೇ ಪ್ರತಿಯೊಬ್ಬನೂ ಅದು ತನ್ನ ಅಪ್ಪನ ಆಸ್ತಿ ಎನ್ನುವ ಹಾಗೆ ಕಾಲಿಗೆ ಕಟ್ಟಿಕೊಳ್ಳುತ್ತಿದ್ದ. ಅಷ್ಟು ಹೊತ್ತಿಗೆ ಎದುರಿನವರು ಬಂದು ಸುತ್ತುವರಿಯುತ್ತಿದ್ದರು. ಬೆಂಚಪ್ಪ ಕೂತಲ್ಲಿಂದಲೇ ಹಲ್ಲು ಕಚ್ಚಿ ‘ಬಿಡೋ, ಬಿಡೋ’ ಎಂದು ಗೊಣಗುತ್ತಿದ್ದ. ಯಾರಿಗೆ ಕೇಳಬೇಕು?

ಆಡುವ ವಯಸ್ಸು ಮುಗಿದ ಮೇಲೆ ಅವನು ಗಾಜಿನ ಬಾಟಲಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದ. ಕಾರ್ಖಾನೆಗೊಂದು ತಂಡವಿತ್ತು, ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ, ಅಲ್ಲಿಯೂ ಕೊನೆಯಿಂದ ಎರಡನೆಯದು. ತಂಡವನ್ನು ನೋಡಿಕೊಳ್ಳುತ್ತಿದ್ದ ಫೋರ್‌ಮನ್ ನಿವೃತ್ತನಾದಾಗ ಮ್ಯಾನೇಜರು ಎಲ್ಲರನ್ನೂ ಕರೆದು, ಇನ್ನು ಯಾರು ನೋಡಿಕೊಳ್ಳುತ್ತೀರಿ ಎಂದು ಕೇಳಿದ. ಎಲ್ಲರೂ ಚಪ್ಪಲಿ ನೋಡಿಕೊಂಡು ನಿಂತರು. ಕುಲುಮೆಯ ಸೆಕೆ, ಬೆಂಚಪ್ಪ ಹಣೆಯ ಬೆವರು ಒರೆಸಿಕೊಳ್ಳಲು ಕೈ ಎತ್ತಿದ. ‘ಭೇಷ್’ ಎಂದ ಮ್ಯಾನೇಜರು. ದೇಶದ ಅತಿ ದೊಡ್ಡ ಕೋಚು ಹುಟ್ಟಿದ್ದು ಹೀಗೆ.

ಅವನ ಪಾಠವೆಲ್ಲ ಒಂದೇ ಶಬ್ದ. ‘ಚೆಂಡು ಬಂತಾ, ತಗೋ. ತಗೊಂಡ್ಯಾ, ಬಿಡು.’ ಬಿಡು ಅಂದರೆ ಹತ್ತಿರದ ಜೊತೆಗಾರನಿಗೆ ತಕ್ಷಣ ಪಾಸ್ ಕೊಡು ಎಂದು. ಬೇರೆಲ್ಲ ತಂಡಗಳಲ್ಲಿ ಈ ಶಬ್ದಕ್ಕೆ ತದ್ವಿರುದ್ಧ ಅರ್ಥ. ಅಲ್ಲಿ ಹಿಂದಿನಿಂದ ಗೋಲಿ, ಅಂದರೆ ಗೋಲ್‌ಕೀಪರ್, ‘ಬಿಡು’ ಎಂದು ಕೂಗಿದರೆ, ನೀನು ಮುಟ್ಟಬೇಡ, ನಾನು ಬಂದು ಹಿಡಿಯುತ್ತೇನೆ ಎಂದು. ಬೆಂಚಪ್ಪ ತನ್ನ ಗೋಲಿಗೆ ಆ ಶಬ್ದವನ್ನೇ ನಿಷೇಧ ಮಾಡಿದ. ‘ನಿಂಗೆ ಬೇಕಾದ್ರೆ ನಂದು ಅನ್ನು. ಬಿಡು ಅನ್ನೋದು ನನ್ನ ಶಬ್ದ.’ ಹುಡುಗರು ನಕ್ಕರು, ಆದರೆ ಕಲಿತರು. ಮೂರು ವರ್ಷದಲ್ಲಿ ಕಾರ್ಖಾನೆಯ ತಂಡ ಎರಡು ದರ್ಜೆ ಮೇಲಕ್ಕೆ ಹತ್ತಿತು.

ಆ ತಂಡದಲ್ಲಿ ಎಡಗಡೆಯ ಡಿಫೆಂಡರ್ ಒಬ್ಬನಿದ್ದ. ಹಗಲು ಮೋಟಾರ್ ವೈಂಡಿಂಗ್ ಕೆಲಸ, ಅಂದರೆ ಸುಟ್ಟುಹೋದ ಪಂಪು ಫ್ಯಾನುಗಳ ಮೋಟಾರಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವುದು. ಸಂಜೆ ಆಟ. ಎಡಗಡೆಯಿಂದ ಒಂದು ನರಪಿಳ್ಳೆಯನ್ನೂ ಒಳಗೆ ಸೇರಿಸದ್ದಕ್ಕೆ ಅವನನ್ನು ಬೀಗ ಎಂದು ಕರೆಯುತ್ತಿದ್ದರು. ಮಾತು ಕಡಿಮೆ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಸ್ವಭಾವ. ಒಮ್ಮೆ ಅಭ್ಯಾಸದಲ್ಲಿ ಬೆಂಚಪ್ಪ ಅವನಿಗೆ ‘ಇಲ್ಲೇ ನಿಂತಿರು’ ಎಂದು ಹೇಳಿ, ಯಾವುದೋ ಫೋನು ಬಂದು, ಮಾತಾಡುತ್ತಾ ಹಾಗೇ ಮನೆಗೆ ಹೋಗಿಬಿಟ್ಟ. ಒಂದು ಗಂಟೆಯ ಮೇಲೆ ವಾಚ್‌ಮನ್ ಫೋನ್ ಮಾಡಿ, ‘ಸಾರ್, ಗೇಟ್ ಹಾಕ್ಬೇಕು, ಇವನು ನೋಡಿದ್ರೆ ಕಾರ್ನರ್ ಹತ್ರ ಕಂಬದ ಥರ ನಿಂತಿದಾನೆ’ ಎಂದ. ಬೆಂಚಪ್ಪ ಓಡಿ ಬಂದ. ‘ಹೋಗೋದಲ್ವೇನೋ?’ ಎಂದರೆ, ‘ನೀವು ಹೋಗು ಅನ್ಲಿಲ್ವಲ್ಲ ಸರ್’ ಎಂದ. ಅವತ್ತಿನಿಂದ ಬೆಂಚಪ್ಪನಿಗೆ ಅವನೆಂದರೆ ಪ್ರಾಣ.

ಆಮೇಲೆ ಬಂದರಿನ ಕ್ಲಬ್ಬು ಬೆಂಚಪ್ಪನನ್ನು ಕರೆಯಿತು, ಬೀಗನನ್ನೂ ತರುತ್ತೇನೆ ಎಂಬ ಷರತ್ತಿನ ಮೇಲೆ ಅವನು ಹೋದ. ಅಲ್ಲೂ ಗೆದ್ದ. ಪತ್ರಿಕೆಗಳು ಅವನ ರೀತಿಗೆ ‘ಬಿಡು ಆಟ’ ಎಂದು ಹೆಸರಿಟ್ಟವು, ಶಾಲೆಯ ಮೈದಾನಗಳಲ್ಲೂ ಮಾಸ್ತರುಗಳು ‘ಬಿಡು, ಬಿಡು’ ಎಂದು ಕೂಗತೊಡಗಿದರು. ಕೊನೆಗೆ ನಲವತ್ತು ಸಾವಿರ ಜನ ಕೂರುವ ಕ್ರೀಡಾಂಗಣದ ದೊಡ್ಡ ಕ್ಲಬ್ಬಿನಿಂದಲೇ ಕರೆ ಬಂತು. ಅದರ ಗಾಜಿನ ಕಪಾಟಿನಲ್ಲಿದ್ದ ಕೊನೆಯ ಲೀಗ್ ಕಪ್ಪಿಗೆ ಇಪ್ಪತ್ತಾರು ವರ್ಷ. ‘ಅದಕ್ಕೊಂದು ಜೊತೆ ಮಾಡಿಕೊಡಿ’ ಎಂದರು ಕ್ಲಬ್ಬಿನ ಕಾರ್ಯದರ್ಶಿ. ಬೆಂಚಪ್ಪ ಬೀಗನನ್ನು ಕರೆದುಕೊಂಡು ಅಲ್ಲಿಗೂ ಹೋದ.

ದೊಡ್ಡ ಕ್ಲಬ್ಬಿನಲ್ಲಿ ಮಾತ್ರ ಒಂದು ತೊಡಕು ಬಂತು. ಅಲ್ಲಿಯ ಗೋಲಿಯೇ ತಂಡದ ಕ್ಯಾಪ್ಟನ್. ಗೋಡೆಗೋಡೆಯ ಮೇಲೂ ಅವನ ಪೋಸ್ಟರು. ಹದಿನಾರು ವರ್ಷದಿಂದ ಅವನ ಬಾಯಿ ‘ಬಿಡು’ ಎಂದು ಕೂಗಿದೆ, ಅದು ಇದ್ದಕ್ಕಿದ್ದಂತೆ ‘ನಂದು’ ಎನ್ನಲು ತಯಾರಿಲ್ಲ. ಅವನು ‘ಬಿಡು’ ಎಂದರೆ ಅರ್ಧ ಜನ ಪಾಸ್ ಮಾಡುತ್ತಿದ್ದರು, ಅರ್ಧ ಜನ ಬದಿಗೆ ಸರಿಯುತ್ತಿದ್ದರು. ಹೇಗೋ ಆಟ ಗೆಲ್ಲುತ್ತಿದ್ದರು, ಆದರೆ ಲೀಗಿನ ಕೊನೆಯ ಪಂದ್ಯಕ್ಕೆ ಹದಿನೇಳು ದಿನ ಇರುವಾಗ ಅಭ್ಯಾಸದಲ್ಲಿ ಕ್ಯಾಪ್ಟನ್ನೂ ಇನ್ನೊಬ್ಬನೂ ಒಂದೇ ಚೆಂಡಿಗೆ ಹೋಗಿ ಡಿಕ್ಕಿ ಹೊಡೆದು ಆ ಇನ್ನೊಬ್ಬನ ಮೂಗು ಮುರಿಯಿತು.

‘ಸರ್, ನಿಮ್ಮೊಬ್ರ ಬಾಯಿ ಬದಲಾಯಿಸೋದು ಸುಲಭವೋ, ನಮ್ಮ ಇಪ್ಪತ್ತೈದು ಜನರ ಕಿವಿ ಬದಲಾಯಿಸೋದು ಸುಲಭವೋ?’ ಎಂದು ಕ್ಯಾಪ್ಟನ್ ಕೇಳಿದ.

ಮಾತು ನ್ಯಾಯವಾಗಿತ್ತು. ಬೆಂಚಪ್ಪ ಹಿಡಿದ ಪಟ್ಟನ್ನು ಸಡಿಲಿಸಿದ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದ: ‘ಬಿಡು ಅಂದರೆ ಮುಟ್ಟಬೇಡ. ಕೊಡು ಅಂದರೆ ಪಾಸ್.’ ಇದು ಹೊರಗಿನವರಿಗೆ ಗೊತ್ತಾದರೆ ಎದುರಾಳಿಗಳಿಗೆ ಅನುಕೂಲವಾಗುತ್ತದೆ, ಬಾಗಿಲಾಚೆ ಹೋಗಬಾರದು ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡ. ಎಲ್ಲರಿಗೂ ಹಗುರವಾಯಿತು, ಬೀಗನೊಬ್ಬನನ್ನು ಬಿಟ್ಟು. ಅವನ ಕಾಲುಗಳಿಗೆ ಏಳು ವರ್ಷದಿಂದ ಬಿಡು ಎಂದರೆ ಪಾಸ್. ಅವನು ಮೀಟಿಂಗ್ ಮುಗಿದ ಮೇಲೂ ಎದ್ದು ಹೋಗದೆ ಕೂತಿದ್ದ.

‘ನೀವು ಕೂಗಿದ್ರೂ ಇದೇ ಅರ್ಥನಾ ಸರ್?’

‘ನಾನು ಕೂಗಿದ್ರೂ ಇದೇ.’

‘ಮರೆತು ಹಳೇ ಥರ ಕೂಗಿದ್ರೆ?’

‘ಯಾಕೋ ಮರೀತೀನಿ? ನಾನೇ ಬರೆದಿದೀನಿ. ಯಾರೇ ಕೂಗ್ಲಿ, ಬಿಡು ಅಂದ್ರೆ ಮುಟ್ಟಬೇಡ. ಮುಗೀತು.’

ಬೀಗ ಹದಿನೇಳು ದಿನ ಅದನ್ನೇ ಅಭ್ಯಾಸ ಮಾಡಿದ. ಅಭ್ಯಾಸ ಮುಗಿದು ಎಲ್ಲರೂ ಸ್ನಾನಕ್ಕೆ ಹೋದ ಮೇಲೆ, ಇನ್ನೊಬ್ಬನನ್ನು ಹಿಡಿದು ನಿಲ್ಲಿಸಿ, ಚೆಂಡು ಉರುಳಿಸಿ ಬಿಡು ಎಂದು ಕೂಗು ಎಂದು ಕಾಡುತ್ತಿದ್ದ. ಮೊದಲ ವಾರ ಅವನ ಕಾಲು ತಾನಾಗಿ ಚೆಂಡಿಗೆ ಹೋಗುತ್ತಿತ್ತು. ಎರಡನೇ ವಾರದ ಕೊನೆಗೆ ನಿಂತಿತು.

ಕೊನೆಯ ಪಂದ್ಯ ಡ್ರಾ ಆದರೂ ಕಪ್ಪು ಅವರದೇ ಆಗುತ್ತಿತ್ತು. ಒಂದಕ್ಕೆ ಒಂದು ಗೋಲು, ಎಂಬತ್ತೆಂಟನೇ ನಿಮಿಷ. ಎರಡನೇ ಅರ್ಧದಲ್ಲಿ ಬೀಗನ ಎಡಗಡೆ ಬೆಂಚಿನ ಪಕ್ಕಕ್ಕೇ ಬರುತ್ತದೆ, ಅವನು ಬೆಂಚಪ್ಪನಿಂದ ಹದಿನೈದು ಹೆಜ್ಜೆ ದೂರದಲ್ಲಿದ್ದ. ಎದುರಿನವರು ಉದ್ದಕ್ಕೆ ಒದ್ದ ಚೆಂಡೊಂದು ಪುಟಿಯುತ್ತಾ ಅವನ ಕಡೆಗೆ ಬಂತು. ಅಂಚಿನಲ್ಲಿ ನುಗ್ಗಿ ಬರುವ ಅವರ ವಿಂಗರ್ ಇನ್ನೂ ಐದಾರು ಹೆಜ್ಜೆ ಹಿಂದಿದ್ದ. ಬೀಗನಿಗೆ ಬೇಕಾದಷ್ಟು ಸಮಯವಿತ್ತು, ಪಕ್ಕದಲ್ಲಿ ಜೊತೆಗಾರನೂ ಇದ್ದ. ಮಾಡಬೇಕಾದ್ದು ಅವನಿಗೆ ಗೊತ್ತಿತ್ತು, ಕಾಲೆತ್ತಿಯೂ ಆಗಿತ್ತು. ಬೆಂಚಪ್ಪ ಸುಮ್ಮನೆ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಕಪ್ಪು ಗಾಜಿನ ಕಪಾಟಿನೊಳಗೆ ಕೂರುತ್ತಿತ್ತು.

ಆದರೆ ಇಪ್ಪತ್ತಾರು ವರ್ಷದ ಕಪ್ಪು, ನಲವತ್ತು ಸಾವಿರ ಜನ, ಇನ್ನೆರಡು ನಿಮಿಷ. ಬೆಂಚಪ್ಪ ಮೈದಾನದ ಅಂಚಿಗೆ ಓಡಿ ಬಂದ. ಬೋರ್ಡಿನ ಮೇಲೆ ಬರೆದದ್ದು ತಲೆಯಿಂದ ಹಾರಿಹೋಗಿ, ಒಳಗಿನಿಂದ ಆ ಹಳೆಯ ಶಬ್ದವೇ ನುಗ್ಗಿ ಬಂತು. ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಅವನು ಕೂಗಿದ: ‘ಬೀಗಾ, ಬಿಡೂ!’

ಎತ್ತಿದ ಕಾಲು ಕೆಳಗಿಳಿಯಿತು. ಚೆಂಡು ಬೀಗನ ಪಕ್ಕದಲ್ಲೇ ಹಾದುಹೋಯಿತು. ಕ್ಯಾಪ್ಟನ್ ಬಂದು ಹಿಡಿಯುತ್ತಾನೆ ಎಂದು ಬೀಗ ಬದಿಗೆ ಸರಿದು ದಾರಿ ಕೊಟ್ಟ. ಕ್ಯಾಪ್ಟನ್‌ಗೆ ಏನೂ ಕೇಳಿಸಿರಲಿಲ್ಲ, ಅವನು ಗೋಲಿನ ಗೆರೆಯ ಮೇಲೆ ಗೂಟ ಹೊಡೆದ ಹಾಗೆ ನಿಂತಿದ್ದ. ಆ ದಾರಿಯಲ್ಲಿ ಬಂದವನು ವಿಂಗರ್. ಗೋಲಾಯಿತು.

ಬೀಗ ಗೋಲಿನ ಕಡೆ ನೋಡಲಿಲ್ಲ. ಅವನು ಬೆಂಚಪ್ಪನ ಕಡೆ ತಿರುಗಿ ನೋಡಿದ. ಹೇಳಿದ ಹಾಗೇ ಮಾಡಿದೆನಲ್ಲ ಎನ್ನುವ ನೋಟ ಅದು. ಆ ನೋಟ ಬದಲಾಗಲು ಎರಡು ಕ್ಷಣ ಹಿಡಿಯಿತು, ಆ ಎರಡು ಕ್ಷಣವನ್ನು ಬೆಂಚಪ್ಪ ಸಾಯುವವರೆಗೆ ಮರೆಯಲಾರ.

ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಅವನು ಪತ್ರಕರ್ತರ ಮುಂದೆ ಕೂತು, ‘ತಪ್ಪು ನನ್ನದು. ನಾನು ಬಿಡು ಅಂತ ಕೂಗಿದೆ, ಅದಕ್ಕೇ ಅವನು ಬಿಟ್ಟ’ ಎಂದ. ಹಿಂದಿನ ಸಾಲಿನಲ್ಲಿದ್ದ ಹಿರಿಯ ವರದಿಗಾರರೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಲವತ್ತು ವರ್ಷದಲ್ಲಿ ಇಂಥ ಕೋಚನ್ನು ನೋಡಿಲ್ಲ ಎಂದರು. ಬೆಂಚಪ್ಪನಿಗೆ ಅರ್ಥವಾಗಲಿಲ್ಲ. ಅವನು ಮತ್ತೊಮ್ಮೆ ಹೇಳಲು ಬಾಯಿ ತೆರೆದ, ಅಷ್ಟರಲ್ಲಿ ಉಳಿದವರೂ ತಟ್ಟತೊಡಗಿದರು.

ಅದೇ ಹೊತ್ತಿಗೆ ಹೊರಗೆ ಬಸ್ಸಿನ ಹತ್ತಿರ ಇನ್ನೊಬ್ಬ ವರದಿಗಾರ ಬೀಗನ ಮುಂದೆ ಮೈಕು ಹಿಡಿದಿದ್ದ. ಏನಾಯಿತು ಎಂದು ಕೇಳಿದ. ಬೀಗ ನಾಲ್ಕೇ ಶಬ್ದ ಹೇಳಿದ: ‘ಸರ್ ಬಿಡು ಅಂದ್ರು, ಬಿಟ್ಟೆ.’

ಮರುದಿನ ಎರಡೂ ಅಕ್ಕಪಕ್ಕದಲ್ಲಿ ಅಚ್ಚಾದವು. ಒಂದು ಕಡೆ ಬೆಂಚಪ್ಪನ ಫೋಟೋ, ಕೆಳಗೆ ‘ತಪ್ಪು ನನ್ನದು’. ಇನ್ನೊಂದು ಕಡೆ ಬೀಗನ ಫೋಟೋ, ಕೆಳಗೆ ‘ತಪ್ಪು ಕೋಚ್ ಅವರದು’. ಇಬ್ಬರೂ ಹೇಳಿದ್ದು ಒಂದೇ ಮಾತು. ಒಬ್ಬನ ಬಾಯಲ್ಲಿ ಅದು ಔದಾರ್ಯವಾಯಿತು, ಇನ್ನೊಬ್ಬನ ಬಾಯಲ್ಲಿ ನೀಚತನವಾಯಿತು. ಟೀವಿಯವರು ಬೆಂಚಪ್ಪನ ತುಟಿಗಳನ್ನು ನಿಧಾನಕ್ಕೆ ಓಡಿಸಿ ತೋರಿಸಿದರು. ಅವನು ‘ಬಿಡು’ ಎಂದದ್ದು ಸ್ಪಷ್ಟ. ಸರಿ, ಇನ್ನೇನು ಬೇಕು? ಈ ಕೋಚಿನ ನಿಘಂಟಿನಲ್ಲಿ ಬಿಡು ಎಂದರೆ ಪಾಸ್ ಮಾಡು ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಪಾಪ, ಕೋಚ್ ಸರಿಯಾಗಿಯೇ ಕೂಗಿ ಹೇಳಿದ್ದಾರೆ, ಈ ಮಹಾನುಭಾವ ಕಿವಿಗೆ ಹಾಕಿಕೊಳ್ಳದೆ ನಿಂತಿದ್ದೂ ಅಲ್ಲದೆ, ತಂದೆಯಂಥವರ ಮೇಲೆ ತಪ್ಪು ಹೊರಿಸುತ್ತಿದ್ದಾನೆ.

ಬೆಂಚಪ್ಪ ಎರಡನೇ ಸಲ ಪತ್ರಕರ್ತರನ್ನು ಕರೆದ. ಈ ಸಲ ಡ್ರೆಸಿಂಗ್ ರೂಮಿನ ಬೋರ್ಡನ್ನೇ ಹೊತ್ತು ತಂದ, ಸ್ವಚ್ಛ ಮಾಡುವವನು ಅಕ್ಷರಗಳನ್ನು ಒರೆಸಿಬಿಟ್ಟಿದ್ದರಿಂದ ಅಲ್ಲೇ ಮತ್ತೆ ಬರೆದು ತೋರಿಸಿದ. ಹದಿನೇಳು ದಿನದ ಹಿಂದೆ ಅರ್ಥ ಬದಲಾಯಿಸಿದೆವು, ನಾನೇ ಬದಲಾಯಿಸಿ ನಾನೇ ಮರೆತೆ ಎಂದು ಬಿಡಿಸಿ ಹೇಳಿದ. ಪತ್ರಕರ್ತರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಗುಳ್ನಕ್ಕರು. ಒಬ್ಬ ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್‌ಗೆ, ಇದು ನಿಜವೇ ಎಂದು ಕೇಳಿದ.

ಕ್ಯಾಪ್ಟನ್ ನೀರು ಕುಡಿದು ಲೋಟ ಕೆಳಗಿಟ್ಟ. ‘ನಮ್ಮ ಕೋಚ್ ತಮ್ಮ ಆಟಗಾರರನ್ನ ಕಾಪಾಡೋಕೆ ಏನು ಬೇಕಾದ್ರೂ ಹೇಳ್ತಾರೆ. ಅಂಥ ಮನುಷ್ಯ ಅವರು’ ಎಂದ.

ಹೊರಗೆ ಕಾರಿಡಾರಿನಲ್ಲಿ ಬೆಂಚಪ್ಪ ಅವನ ತೋಳು ಹಿಡಿದು ನಿಲ್ಲಿಸಿದ. ‘ನಿನಗೋಸ್ಕರ ಅಲ್ವೇನಯ್ಯಾ ನಾನು ಆ ಶಬ್ದ ಬದಲಾಯಿಸಿದ್ದು?’

‘ಅದಕ್ಕೇ ಸರ್’ ಎಂದ ಕ್ಯಾಪ್ಟನ್, ದನಿ ಏರಿಸದೆ. ‘ನನಗೋಸ್ಕರ ಅಂತ ಗೊತ್ತಾದ್ರೆ, ನೀನ್ಯಾಕೆ ಗೆರೆ ಮೇಲೆ ನಿಂತಿದ್ದೆ ಅಂತಾನೂ ಕೇಳ್ತಾರೆ. ನಂಗೆ ಇನ್ನೆರಡು ವರ್ಷ ಆಟ ಇದೆ. ನಿಮಗೇನೂ ಆಗಲ್ಲ. ಅವನಿಗೆ ಆಗಬೇಕಾದ್ದು ಆಗಿಹೋಗಿದೆ. ಸುಮ್ನೆ ಯಾಕೆ ಮೂರನೆಯವನನ್ನ ಎಳೀತೀರಿ?’

ಉಳಿದ ಆಟಗಾರರೂ ಗೊತ್ತಿದ್ದೂ ತುಟಿ ಪಿಟಕ್ ಎನ್ನಲಿಲ್ಲ. ಕ್ಯಾಪ್ಟನ್ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ನಾಲ್ಕನೇ ದಿನ ಬೆಂಚಪ್ಪ ಪತ್ರಿಕೆ ಬಿಡಿಸಿದರೆ ಅದರಲ್ಲಿ ಬೀಗನ ಹೇಳಿಕೆ: ‘ಸೋಲಿನ ಆವೇಶದಲ್ಲಿ ಕೋಚ್ ಅವರ ಮೇಲೆ ಸುಳ್ಳು ಆರೋಪ ಮಾಡಿದೆ. ಅವರು ಏನೂ ತಪ್ಪು ಮಾಡಿಲ್ಲ. ಕ್ಷಮೆ ಕೋರುತ್ತೇನೆ.’ ಕೆಳಗೆ ಅವನದೇ ಸಹಿ. ಬೆಂಚಪ್ಪ ಪತ್ರಿಕೆ ಹಿಡಿದುಕೊಂಡು ಕಾರ್ಯದರ್ಶಿಯ ಕೋಣೆಗೆ ನುಗ್ಗಿದ.

‘ಯಾರು ಬರೆಸಿದ್ದು ಇದನ್ನ?’

‘ನಾವೇ. ನಿಮ್ಮ ಮರ್ಯಾದೆ ಕಾಪಾಡೋದು ನಮ್ಮ ಕರ್ತವ್ಯ ಅಲ್ವಾ ಸರ್’ ಎಂದರು ಕಾರ್ಯದರ್ಶಿ, ಕುರ್ಚಿ ಮುಂದಕ್ಕೆ ಎಳೆಯುತ್ತಾ. ‘ಸಹಿ ಹಾಕಿದ್ರೆ ಗೌರವವಾಗಿ ಬಿಡುಗಡೆ, ಇಲ್ದಿದ್ರೆ ಶಿಸ್ತು ಕ್ರಮ ಅಂದ್ವಿ. ಪಾಪ, ಎದುರು ಮಾತಾಡ್ಲಿಲ್ಲ. ಹೇಳಿದ ಕಡೆ ಹಾಕಿದ.’

ಎದುರು ಮಾತಾಡುವ ಜಾಯಮಾನವೇ ಅವನದಲ್ಲ ಎನ್ನುವುದು ಬೆಂಚಪ್ಪನಷ್ಟು ಚೆನ್ನಾಗಿ ಇನ್ನಾರಿಗೆ ಗೊತ್ತು? ಅವನು ಕೂಗಾಡಿದ, ಮೇಜು ಕುಟ್ಟಿದ. ಕಾರ್ಯದರ್ಶಿ ಅವನಿಗೆ ನೀರು ತರಿಸಿದರು. ನಿಮ್ಮ ಮನಸ್ಸು ಬಹಳ ಮೃದು ಎಂದು ಸಮಾಧಾನ ಹೇಳಿದರು. ಬೈದರೂ ಹೊಗಳುವವರ ಹತ್ತಿರ ಜಗಳ ಕಾಯುವುದಾದರೂ ಹೇಗೆ? ಅವನು ನೀರು ಕುಡಿದು ಮನೆಗೆ ಬಂದ.

ಎರಡು ತಿಂಗಳು ಕಳೆದವು. ಬೀಗನನ್ನು ಯಾವ ಕ್ಲಬ್ಬೂ ಸೇರಿಸಿಕೊಳ್ಳಲಿಲ್ಲ. ಬೆಂಚಪ್ಪ ತಾನೇ ಬಂದರಿನ ಕ್ಲಬ್ಬಿಗೆ ಫೋನ್ ಮಾಡಿ ಕೇಳಿದಾಗ, ‘ನಿಮ್ಮಂಥವರಿಗೇ ಎರಡು ಬಗೆದವನು ನಮಗೆ ಬೇಡ ಸರ್’ ಎಂದರು. ಇತ್ತ ಬೆಂಚಪ್ಪನಿಗೆ ರಾಷ್ಟ್ರೀಯ ತಂಡದ ಕೋಚ್ ಆಗಬೇಕೆಂದು ದೇಶದ ಫುಟ್‌ಬಾಲ್ ಒಕ್ಕೂಟದಿಂದ ಕಾಗದ ಬಂತು. ಪಂದ್ಯ ಗೆಲ್ಲಿಸುವವರು ಬಹಳ ಮಂದಿ ಸಿಗುತ್ತಾರೆ, ಸೋಲನ್ನು ಹೀಗೆ ಹೊತ್ತುಕೊಳ್ಳುವವರು ಸಿಗುವುದಿಲ್ಲ ಎಂದು ಒಕ್ಕೂಟದ ಅಧ್ಯಕ್ಷರು ಅದರಲ್ಲಿ ಸ್ವಂತ ಕೈಯಲ್ಲಿ ಬರೆದಿದ್ದರು. ಬೆಂಚಪ್ಪ ಅವರ ಸಭೆಗೆ ಹೋಗಿ, ಮೈಕು ಕೈಗೆ ಸಿಕ್ಕಿದ ಕೂಡಲೇ, ನೀವು ನನಗೆ ಈ ಹುದ್ದೆ ಕೊಡುತ್ತಿರುವುದೇ ಒಂದು ಸುಳ್ಳಿನ ಮೇಲೆ ಎಂದು ಮೂರನೇ ಸಲ ಎಲ್ಲವನ್ನೂ ಹೇಳಿದ. ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ‘ನೋಡಿದ್ರಾ? ಕೈಗೆ ಬಂದ ಹುದ್ದೆ ಹೋದ್ರೂ ಪರವಾಗಿಲ್ಲ, ಹುಡುಗನ್ನ ಬಿಟ್ಟುಕೊಡಲ್ಲ ಅಂತಾರೆ’ ಎಂದು ಸಭೆಗೆ ಹೇಳಿ, ನೇಮಕದ ಪತ್ರವನ್ನು ಅವನ ಕೈಗೆ ಇಟ್ಟರು. ಆ ಸಂಜೆ ಬೀಗನ ಮನೆಯ ಕಿಟಕಿಗೆ ಎರಡು ಕಲ್ಲು ಬಿದ್ದವು.

ಕಲ್ಲು ಬಿದ್ದ ಸುದ್ದಿ ಕೇಳಿ ಬೆಂಚಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಹೆಂಡತಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಮುಚ್ಚಿಟ್ಟಳು.

‘ರೀ, ಊರಿಗೆಲ್ಲ ಹೇಳಿದ್ರಿ. ಅವನಿಗೆ ಹೇಳಿದ್ರಾ?’

‘ಫೋನ್ ಎತ್ತಲ್ಲ ಅವನು.’

‘ಕಾಲಿಲ್ವಾ ನಿಮಗೆ?’

ಫೋನು ಎತ್ತದಿರುವುದು ಒಂದು ನೆಪ. ಆ ಎರಡು ಕ್ಷಣದ ನೋಟವನ್ನು ಮತ್ತೆ ಎದುರಿಸಲು ಬೆಂಚಪ್ಪನಿಗೆ ಭಯವಿತ್ತು. ನಲವತ್ತು ಸಾವಿರ ಜನರ ಮುಂದೆ ನಿಲ್ಲಬಲ್ಲ, ಆ ಒಬ್ಬನ ಮುಂದೆ ನಿಲ್ಲಲಾರ.

‘ಹೋಗಿ ಬನ್ನಿ’ ಎಂದಳು ಹೆಂಡತಿ, ಈ ಸಲ ಮೆಲ್ಲಗೆ. ‘ಕೆಲಸಕ್ಕೆ ಸೇರೋ ಮುಂಚೆ ಹೋಗಿ.’

ಅವನು ಮಾರನೆಯ ದಿನ ಮಧ್ಯಾಹ್ನ ಹೋದ. ದಾರಿಯುದ್ದಕ್ಕೂ ಒಂದು ಲೆಕ್ಕ ಹಾಕಿಕೊಂಡಿದ್ದ. ರಾಷ್ಟ್ರೀಯ ತಂಡಕ್ಕೆ ಆಟಗಾರರನ್ನು ಆರಿಸುವ ಅಧಿಕಾರ ಈಗ ತನ್ನ ಕೈಯಲ್ಲಿದೆ. ಮೊದಲ ಪಟ್ಟಿಯಲ್ಲಿ ಮೊದಲ ಹೆಸರು ಬೀಗನದ್ದು. ಅವನು ದೇಶಕ್ಕೆ ಆಡಿ ಗೆದ್ದರೆ ಜನ ತಾವಾಗಿ ಬಾಯಿ ಮುಚ್ಚುತ್ತಾರೆ.

ಬೀಗನ ಮನೆಯ ಮುಂದಿನ ಕೋಣೆಯೇ ಈಗ ವರ್ಕ್‌ಶಾಪು. ಒಡೆದ ಕಿಟಕಿಗೆ ರಟ್ಟು ಅಂಟಿಸಿದ್ದರು. ನೆಲದ ಮೇಲೆ ಬಿಚ್ಚಿದ ಪಂಪುಗಳು, ಕರಟಿದ ಹಳೆಯ ತಂತಿಯ ಗುಡ್ಡೆ, ಮೂಗಿಗೆ ಅಡರುವ ವಾರ್ನಿಷ್ ವಾಸನೆ. ಬೀಗ ಸ್ಟೂಲಿನ ಮೇಲೆ ಕೂತು ಕೈ ಯಂತ್ರದಲ್ಲಿ ತಂತಿ ಸುತ್ತುತ್ತಿದ್ದ. ಬೆಂಚಪ್ಪನನ್ನು ಕಂಡವನು ತಲೆಯಲ್ಲೇ ಕೂರಿ ಎಂದು ಸನ್ನೆ ಮಾಡಿ, ತುಟಿಯೊಳಗೆ ಎಣಿಸುತ್ತಾ ಸುತ್ತು ಮುಗಿಸಿದ. ನಡುವೆ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಬೆಂಚಪ್ಪ ಒಂದು ಪಂಪಿನ ಪೆಟ್ಟಿಗೆಯ ಮೇಲೆ ಕೂತು ಕಾದ.

‘ಚೆನ್ನಾಗಿದೀರಾ ಸರ್?’ ಎಂದು ಬೀಗ ಕೊನೆಗೆ ಕೇಳಿದ.

ಬೆಂಚಪ್ಪ ಅಂದುಕೊಂಡು ಬಂದಿದ್ದ ಪೀಠಿಕೆಯೆಲ್ಲ ಎಲ್ಲಿ ಹೋಯಿತೋ. ‘ನಾನು ಮರೆತುಬಿಟ್ಟೆ ಕಣೋ’ ಎಂದ. ‘ನಾನೇ ಬರೆದು, ನಾನೇ ಮರೆತೆ. ನೀನು ಕೇಳಿದ್ದೆ, ಮರೆತ್ರೆ ಅಂತ. ಮರೆಯಲ್ಲ ಅಂದಿದ್ದೆ.’

‘ಗೊತ್ತು ಸರ್.’

‘ಎಲ್ಲರಿಗೂ ಹೇಳ್ದೆ. ಯಾರೂ ನಂಬಲ್ಲ.’

‘ಅದೂ ಗೊತ್ತು ಸರ್. ಟೀವಿಲಿ ನೋಡ್ದೆ.’ ಬೀಗನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಬೆಂಚಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಪಟ್ಟಿಯ ವಿಷಯ ಹೇಳಿದ. ಮೊದಲ ಹೆಸರು ನಿನ್ನದೇ ಎಂದ. ಬೀಗ ಸುತ್ತಿದ ತಂತಿಯನ್ನು ಯಂತ್ರದಿಂದ ಬಿಡಿಸಿ, ದಾರದಿಂದ ಮೂರು ಕಡೆ ಕಟ್ಟಿದ.

‘ಬೇಡ ಸರ್. ನೀವು ನನ್ನ ಕರೆದ್ರೆ ಜನ ಏನಂತಾರೆ ಗೊತ್ತಾ? ಇಷ್ಟೆಲ್ಲ ಮಾಡಿದವನನ್ನೂ ಕ್ಷಮಿಸಿದ್ರಲ್ಲ ಅಂತಾರೆ. ನಾನು ಒಂದು ಚೆಂಡು ತಪ್ಪಿಸಿದ್ರೆ ಸಾಕು, ಮತ್ತೆ ಶುರು.’ ಅವನು ಗಂಟನ್ನು ಎಳೆದು ನೋಡಿದ. ‘ಸರ್, ನಾನೊಂದು ಕೇಳ್ಲಾ? ಇಲ್ಲ ಅನ್ಬಾರ್ದು.’

‘ಕೇಳೋ. ಏನು ಬೇಕಾದ್ರೂ ಕೇಳು.’

‘ಇನ್ಮೇಲೆ ನೀವು ಅದನ್ನ ಹೇಳ್ಬೇಡಿ.’

‘ನಿಜ ಅದು’ ಎಂದ ಬೆಂಚಪ್ಪ.

‘ನಿಜಾನೇ ಸರ್. ಆದ್ರೆ ನೀವು ಒಂದೊಂದ್ಸಲ ಹೇಳಿದಾಗ್ಲೂ ಜನ ನಿಮ್ಮನ್ನ ಒಂದು ಮೆಟ್ಟಿಲು ಮೇಲೆ ಹತ್ತಿಸ್ತಾರೆ, ನನ್ನ ಒಂದು ಮೆಟ್ಟಿಲು ಕೆಳಗೆ ನೂಕ್ತಾರೆ. ಮೊದಲನೇ ಸಲ ಬೈದ್ರು. ಎರಡನೇ ಸಲ ಗೋಡೆ ಮೇಲೆ ಬರೆದ್ರು. ಈ ಸಲ ಕಲ್ಲು. ಅಮ್ಮ ಆ ಕಿಟಕಿ ಹತ್ರಾನೇ ಕೂತಿದ್ರು.’ ಅವನು ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. ‘ಅಮ್ಮನಿಗೂ ನಾನು ನನ್ನದೇ ತಪ್ಪು ಅಂತ ಹೇಳಿದೀನಿ. ನಿಜ ಗೊತ್ತಾದ್ರೆ ಅವರು ಸುಮ್ನಿರಲ್ಲ, ಬೀದಿಬೀದಿಲಿ ನಿಂತು ಜಗಳ ಆಡ್ತಾರೆ. ಆಮೇಲೆ ಅವರನ್ನೂ ಸೇರಿಸಿ ಬೈತಾರೆ. ನೀವು ಸುಮ್ನಿದ್ರೆ ಜನ ಮರೀತಾರೆ ಸರ್. ಒಂದೆರಡು ವರ್ಷ. ಅಷ್ಟೇ.’

ಬೆಂಚಪ್ಪನಿಗೆ ಕೂಗಬೇಕೆನಿಸಿತು, ಯಾರನ್ನಾದರೂ ಹಿಡಿದು ಹೊಡೆಯಬೇಕೆನಿಸಿತು. ಎರಡು ತಿಂಗಳಿಂದ ಅವನ ಕೈಯಲ್ಲಿ ಇದ್ದದ್ದು ಈ ನಿಜವೊಂದೇ, ಅದನ್ನೂ ಕೆಳಗಿಡು ಎನ್ನುತ್ತಿದ್ದಾನೆ. ಇಟ್ಟರೆ ತಾನು ಕಳ್ಳನಾಗುತ್ತೇನೆ, ಇಡದಿದ್ದರೆ ಇವನ ತಲೆಗೆ ಕಲ್ಲು ಬೀಳುತ್ತದೆ. ಅವನು ರಟ್ಟು ಅಂಟಿಸಿದ ಕಿಟಕಿಯ ಕಡೆ ನೋಡಿದ. ಆಮೇಲೆ, ‘ಸರಿ’ ಎಂದ. ಆ ಶಬ್ದ ಹೊರಗೆ ಬಂದಾಗ ಅದು ತನ್ನ ಗಂಟಲಿನದ್ದೇ ಎಂದು ಅವನಿಗೆ ಅನಿಸಲಿಲ್ಲ.

ಒಳಗಿನಿಂದ ಬೀಗನ ತಾಯಿ ಬಂದರು. ಕೈಯಲ್ಲಿ ಟೀ ಲೋಟ. ಆಟದ ಗಂಧಗಾಳಿ ಇಲ್ಲದ ಹೆಂಗಸು, ಬೆಂಚಪ್ಪನನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಲೋಟವನ್ನು ಪಂಪಿನ ಮೇಲಿಟ್ಟು ಅವರು ಬೆಂಚಪ್ಪನ ಎರಡೂ ಕೈಗಳನ್ನು ಹಿಡಿದುಕೊಂಡರು.

‘ಈ ಮನೆಗೆ ಬರೋಕೆ ಮನಸ್ಸು ಬಂತಲ್ಲಪ್ಪಾ ನಿಮಗೆ’ ಎಂದರು. ‘ನನ್ನ ಮಗ ತಪ್ಪು ಮಾಡಿದ, ನಿಮ್ಮ ಹೆಸರೂ ಕೆಡಿಸೋಕೆ ನೋಡಿದ. ಆದ್ರೂ ನೀವು ಊರೆಲ್ಲ ಅವನ ಪರವಾಗಿ ಮಾತಾಡಿದ್ರಿ. ಅವರಪ್ಪ ಬದುಕಿದ್ರೂ ಇಷ್ಟು ಮಾಡ್ತಿರ್ಲಿಲ್ಲ.’

ಬೆಂಚಪ್ಪ ಬಾಯಿ ತೆರೆದ. ತಾಯಿಯ ಹೆಗಲಿನಾಚೆ ಬೀಗ ಅವನನ್ನೇ ನೋಡುತ್ತಿದ್ದ. ಮೆಲ್ಲಗೆ ಬೇಡ ಎಂದು ತಲೆಯಾಡಿಸಿದ. ಬೆಂಚಪ್ಪ ಬಾಯಿ ಮುಚ್ಚಿಕೊಂಡ.

ತಾಯಿ ಮಗನ ಕಡೆ ತಿರುಗಿದರು. ‘ಏನೋ, ಹಾಗೇ ಕೂತಿದೀಯ? ಅವರಿಗೆ ಒಂದು ಥ್ಯಾಂಕ್ಸ್ ಆದ್ರೂ ಹೇಳಿದ್ಯಾ?’

ಬೀಗ ಸ್ಟೂಲಿನಿಂದ ಎದ್ದ. ವಾರ್ನಿಷ್ ಮೆತ್ತಿದ ಕೈಗಳನ್ನು ಬಟ್ಟೆಗೆ ಒರೆಸಿಕೊಂಡು ನೆಟ್ಟಗೆ ನಿಂತ.

‘ಥ್ಯಾಂಕ್ಸ್ ಸರ್’ ಎಂದ.

ತಾಯಿ ಇನ್ನೂ ಬೆಂಚಪ್ಪನ ಕೈ ಹಿಡಿದೇ ಇದ್ದರು, ಉತ್ತರಕ್ಕಾಗಿ ಅವನ ಮುಖ ನೋಡುತ್ತಿದ್ದರು.

‘ಇರಲಿ’ ಎಂದ ಬೆಂಚಪ್ಪ.